ಅಷ್ಟಮಿಯ ನೀರು

ನಿಮ್ಮ ಮನೆಯಲ್ಲೂ ಇದ್ದಿರಬೇಕು, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದು, ಒಗ್ಗರಣೆಯ ಹೊಗೆಗೆ ಹಳದಿಗಟ್ಟಿದ ಗೋಡೆ ಕ್ಯಾಲೆಂಡರು. ಎಪ್ಪತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅದನ್ನು ದಿನವೂ ಓದುತ್ತಿದ್ದವರು ಇಬ್ಬರು. ಅಮ್ಮ ಓದುತ್ತಿದ್ದುದು ಒಳ್ಳೆಯ ದಿನ ಯಾವುದೆಂದು. ಭಾವ ಓದುತ್ತಿದ್ದುದು ನೀರು ಹೇಗಿರುತ್ತದೆಂದು.

ಭಾವ ಕುಂದಾಪುರದ ಕಡೆಯವರು. ಅಕ್ಕನನ್ನು ಮದುವೆಯಾಗಿ, ಕಚೇರಿಯೊಂದರಲ್ಲಿ ಗುಮಾಸ್ತರಾಗಿ, ನಮ್ಮ ಹಿಂದಿನ ಪೋರ್ಷನ್ನಿನಲ್ಲೇ ಸಂಸಾರ ಹೂಡಿದ್ದರೂ ಅವರ ಮನಸ್ಸು ಮಾತ್ರ ಹೊಳೆ ಕಡಲನ್ನು ಕೂಡುವಲ್ಲಿನ ಉಪ್ಪುನೀರಿನ ಜೌಗಿನಲ್ಲಿ, ಅಲ್ಲಿ ಕಟ್ಟಿಹಾಕಿದ್ದ ತಮ್ಮ ಪುಟ್ಟ ದೋಣಿಯಲ್ಲೇ ಉಳಿದುಬಿಟ್ಟಿತ್ತು. ಮಾರ್ಕೆಟ್ಟಿನಿಂದ ತಂದ ಮೀನನ್ನು ಮೂಸಿ, ಐಸಿನಲ್ಲಿ ಮಲಗಿ ಬಂದದ್ದನ್ನು ಮೀನೆನ್ನಬಾರದೆಂದು ಮುಖ ಸಿಂಡರಿಸುತ್ತಿದ್ದರು. ನನ್ನನ್ನು ಒಮ್ಮೆ ಆ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಗಾಳ ಹಾಕಿಸಬೇಕೆಂಬುದು ಅವರ ಹಟ. ಆದರೆ ನೀರು ನೋಡದೆ ಹೊರಡುವ ಆಸಾಮಿಯಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ಜೋರು, ಇಳಿತದ ಸೆಳೆತವೂ ಜೋರು. ಅಷ್ಟಮಿಯ ಹೊತ್ತಿಗೆ ನೀರು ಸಾಧುವಾಗುತ್ತದೆ ಎನ್ನುತ್ತಿದ್ದರು. ರಜೆಯ ತಿಂಗಳು ಬಂತೆಂದರೆ ಕ್ಯಾಲೆಂಡರಿನ ಅಷ್ಟಮಿಗೆ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಹಾಕುತ್ತಿದ್ದರು.

ಎಡವಟ್ಟಾದದ್ದೇ ಅಲ್ಲಿ. ಅಮ್ಮನ ಪಾಲಿಗೆ ಅಷ್ಟಮಿ, ನವಮಿಗಳೆಂದರೆ ಯಾವ ಕೆಲಸಕ್ಕೂ ಆಗದ ದಿನಗಳು.

"ಅಳಿಯಂದಿರೇ, ಅಷ್ಟಮಿ ದಿನ ಯಾರಾದ್ರೂ ನೀರಿಗಿಳೀತಾರಾ? ನವಮಿ ಕಳೀಲಿ, ಆಮೇಲೆ ಹೋಗಿ."

"ಆಮೇಲೆ ನೀರು ಜಾಸ್ತಿಯಾಗ್ತಾ ಹೋಗುತ್ತೆ ಅತ್ತೆ. ಇರ್ಲಿ ಬಿಡಿ, ಮುಂದಿನ ರಜಕ್ಕೆ ನೋಡೋಣ."

ಅತ್ತೆಯ ಮಾತು ಮೀರದ ಅಳಿಯ, ಅಳಿಯನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ ಅತ್ತೆ. ಇಬ್ಬರೂ ಒಮ್ಮೆ ಜೋರಾಗಿ ಜಗಳವಾಡಿದ್ದರೆ ಯಾರಾದರೊಬ್ಬರು ಸೋತು ನಮ್ಮ ಪ್ರಯಾಣವಾದರೂ ನಡೆಯುತ್ತಿತ್ತೇನೋ. ದಸರೆಯ ರಜೆ ಹೋಯಿತು, ಬೇಸಿಗೆಯ ರಜೆ ಹೋಯಿತು, ಮೊಳೆಯ ಮೇಲೆ ಕ್ಯಾಲೆಂಡರುಗಳು ಬದಲಾದವು. ಎಚ್ಚರಿಕೆಯೂ ಪ್ರೀತಿಯೇ ಸ್ವಾಮಿ, ಇಲ್ಲವೆನ್ನಲಾರೆ. ಆದರೆ ಆಯುಸ್ಸು ಎಷ್ಟಿದೆಯೆಂದು ಅದು ಕೇಳಿಕೊಂಡು ಬಂದಿರುವುದಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಬೆಳಗ್ಗೆ, ಕಚೇರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ಭಾವ ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದರು. ಅಸ್ಥಿಯನ್ನು ಅವರ ಊರಿನ ನೀರಿಗೇ ಬಿಡಬೇಕೆಂದಳು ಅಕ್ಕ. ಹೊರಡುವ ಮುನ್ನ ಅಭ್ಯಾಸಬಲದಿಂದ ಕ್ಯಾಲೆಂಡರಿನತ್ತ ನೋಡಿದೆ. ನಾನು ಅಲ್ಲಿ ತಲುಪುವ ದಿನದ ಸುತ್ತ ಭಾವನ ಪೆನ್ಸಿಲಿನ ಗುರುತಿತ್ತು. ಅಮ್ಮನೂ ಅದನ್ನು ನೋಡಿದಳು.

"ಹೋಗ್ಬಾ ಮಗನೇ," ಎಂದಳು. "ಅವರು ಕೇಳಿದಾಗ್ಲೇ ಕಳಿಸ್ಬೇಕಿತ್ತು ಕಣೋ ನಾನು."

ಆ ಪುಟ್ಟ ದೋಣಿಯಲ್ಲಿ ನಾನು ಕೂತದ್ದು ಅದೇ ಮೊದಲು. ಭಾವನ ಅಣ್ಣ ಹುಟ್ಟು ಹಾಕುತ್ತಿದ್ದರು. ನೀರು ಭಾವ ಹೇಳಿದ್ದಂತೆಯೇ ಸಾಧುವಾಗಿತ್ತು, ಎಷ್ಟೆಂದರೆ ನಾನು ಬಿಟ್ಟ ಬೂದಿ ಎಲ್ಲಿಗೂ ಹೋಗದೆ ಬಹಳ ಹೊತ್ತು ದೋಣಿಯ ಪಕ್ಕದಲ್ಲೇ ತೇಲುತ್ತಿತ್ತು. ಇದೇ ನೀರಿನ ಮೇಲೆ ಅವರ ಎದುರು ಗಾಳ ಹಿಡಿದು ಕೂರಬೇಕಾಗಿದ್ದವನು ನಾನು ಎನಿಸಿ ದುಃಖ ತಡೆಯಲಾಗಲಿಲ್ಲ.

ತಿಂಗಳು ಮುಗಿದರೂ ಅಮ್ಮ ಕ್ಯಾಲೆಂಡರಿನ ಆ ಹಾಳೆಯನ್ನು ಮಗುಚಲಿಲ್ಲ, ನಮಗೂ ಮುಟ್ಟಲು ಬಿಡಲಿಲ್ಲ. ಹಬ್ಬ ಹರಿದಿನ ಯಾವತ್ತೆಂದು ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. ಒಳ್ಳೆಯ ದಿನ ಯಾವುದೆಂದು ಮಾತ್ರ ಆಕೆ ಮತ್ತೆ ಯಾರನ್ನೂ ಕೇಳಲಿಲ್ಲ.