ಗುಂಡಿ ಬಂತು, ಹಿಡ್ಕೊಳ್ಳಿ
ಆಂಬುಲೆನ್ಸ್ ಓಡಿಸುವ ಸೈರನ್ ಮಾವನಿಗೆ ಆಸ್ಪತ್ರೆ ದಾರಿಯ ಗುಂಡಿಗಳೆಲ್ಲ ಮನೆಮಂದಿಯಷ್ಟೇ ಪರಿಚಯ. ಒಂದಕ್ಕೆ ‘ಬಾಣಲೆ’, ಇನ್ನೊಂದಕ್ಕೆ ‘ದೊಡ್ಡತ್ತೆ’ ಎಂದು ಹೆಸರಿಟ್ಟಿದ್ದಾನೆ. ದೊಡ್ಡತ್ತೆ ಹತ್ತಿರವಾದಂತೆ, “ಗುಂಡಿ ಬಂತು, ಪೇಷೆಂಟನ್ನ ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದು ಹಿಂದಕ್ಕೆ ಕೂಗುತ್ತಾನೆ. ಊಟಕ್ಕೆ ಕೂತಾಗಲೂ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದೇ ಇರುತ್ತಾನೆಂದು ಹೆಂಡತಿ ನಗುತ್ತಾಳೆ. ಜಲ್ಲಿ ಲಾರಿ ಕಂಡರೆ ಮಾತ್ರ ಅವನಿಗೆ ಮೈಯೆಲ್ಲ ಉರಿ. “ಲಾರಿ ತಡೆಯೋದರ ಎರಡರಷ್ಟು ತುಂಬ್ತಾರೆ. ಹೊಸ ಡಾಂಬರು ಒಂದು ವರ್ಷಾನೂ ಬಾಳಲ್ಲ. ಒಬ್ಬ ಡ್ರೈವರ್ ಕೈಗೆ ಸಿಗಲಿ, ಬೆವರಿಳಿಸ್ತೀನಿ.” ಮೊನ್ನೆ ಒಬ್ಬ ಸಿಕ್ಕೇಬಿಟ್ಟ. ಭಾರಕ್ಕೆ ರಸ್ತೆಯಂಚು ಕುಸಿದು ಲಾರಿ ಮಗುಚಿ, ಸೊಂಟ ಮುರಿದುಕೊಂಡು ಮಾವನ ಆಂಬುಲೆನ್ಸಿನಲ್ಲೇ ಮಲಗಿದ್ದ. ಒಂದೊಂದು ಕುಲುಕಿಗೂ ಚೀರುತ್ತಿದ್ದ. “ನಾಡಿ ಇಳೀತಿದೆ, ಬೇಗ ಹೋಗಿ” ಎಂದಳು ನರ್ಸ್. ಬೇಗ ಹೋದರೆ ಸೊಂಟಕ್ಕೆ ಪೆಟ್ಟು, ನಿಧಾನವಾದರೆ ಜೀವಕ್ಕೆ. ಮಾವನ ಅಂಗೈ ಬೆವತು ಸ್ಟೀರಿಂಗ್ ಜಾರತೊಡಗಿತು. “ಅಣ್ಣಾ, ರಸ್ತೆ ಯಾಕೆ ಹೀಗಿದೆ?” ಎಂದು ಲಾರಿ ಡ್ರೈವರ್ ಅಳುತ್ತ ಕೇಳಿದ. ನಾಲಿಗೆ ತುದಿಗೆ ಬಂದದ್ದನ್ನು ಮಾವ ನುಂಗಿಕೊಂಡ. “ಕಣ್ಣು ಮುಚ್ಕೋ ತಮ್ಮಾ, ಮುಂದೆ ಒಳ್ಳೇ ರಸ್ತೆ ಇದೆ” ಎಂದ. ಅಂಥ ರಸ್ತೆ ಮುಂದೆ ಎಲ್ಲೂ ಇರಲಿಲ್ಲ. ಆದರೂ ಆಸ್ಪತ್ರೆಯವರು ಅವನನ್ನು ಜೀವಸಹಿತ ಇಳಿಸಿಕೊಳ್ಳುವವರೆಗೂ ಮಾವ ಅದನ್ನೇ ಹೇಳುತ್ತಿದ್ದ.