ಶನಿವಾರದ ನಾಲ್ಕು ಅಕ್ಷರಗಳು

ಶನಿವಾರ ಹಂಚಿನ ಕಾರ್ಖಾನೆಯ ಆಫೀಸು ಮುಚ್ಚಿದ ಮೇಲೆ ಮಾವ ದೇರೆಬೈಲಿನ ನಮ್ಮ ಮನೆಗೆ ಬರುತ್ತಿದ್ದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಕಾರ್ಖಾನೆಯ ಬಿಳಿಯ ದೊರೆ ಓದಿ ಬಿಟ್ಟ ಇಂಗ್ಲಿಷ್ ವಾರಪತ್ರಿಕೆ. ಅವರು ಅಮ್ಮನ ಅಣ್ಣ. ನಮ್ಮದು ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಕಟ್ಟಿನ ಮನೆತನವಾದ್ದರಿಂದ ಯಜಮಾನರೂ ಅವರೇ. ಅಪ್ಪ ಇದ್ದರು, ಆದರೆ ಅವರ ಅಧಿಕಾರ ನಡೆಯುತ್ತಿದ್ದದ್ದು ಅವರ ತಂಗಿಯ ಮನೆಯಲ್ಲಿ. ನಮ್ಮ ಚಾವಡಿಯಲ್ಲಿ ಅವರು ಬರೀ ಹೌದಪ್ಪ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ವರ್ಷಗಳವು. ಆ ಪತ್ರಿಕೆಯಲ್ಲಿ ಪ್ರತಿ ವಾರ ನಾಲ್ಕು ಅಕ್ಷರ ಕೊಡುತ್ತಿದ್ದರು. ಆ ನಾಲ್ಕೂ ಬರುವ ಇಂಗ್ಲಿಷ್ ಪದಗಳನ್ನು ಹುಡುಕಿ ಕಳುಹಿಸಬೇಕು. ಹೆಚ್ಚು ಹುಡುಕಿದವರ ಹೆಸರು ಅಚ್ಚಾಗುತ್ತಿತ್ತು. ತನ್ನ ಹೆಸರನ್ನು ದೊರೆ ಅಲ್ಲಿ ಓದಬೇಕು ಎಂಬುದೊಂದೇ ಮಾವನ ಆಸೆ. ಅವರ ಇಂಗ್ಲಿಷಾದರೋ ಹಂಚು, ಹಡಗು, ಬಾಡಿಗೆಯ ಆಚೆ ಹೋಗುತ್ತಿರಲಿಲ್ಲ. ಹಾಗಾಗಿ ಕನ್ಯಾಸ್ತ್ರೀಯರ ಶಾಲೆಯಲ್ಲಿ ಮೂರನೆಯ ಫಾರಂ ಓದುತ್ತಿದ್ದ ನನ್ನನ್ನು ಚಾವಡಿಯಲ್ಲಿ ಕೂರಿಸಿ ಕೈಗೆ ಸ್ಲೇಟು ಕೊಡುತ್ತಿದ್ದರು. ನಾನು ಬರೆದದ್ದನ್ನು ಅವರು ಒಳ್ಳೆಯ ಕಾಗದಕ್ಕೆ ಇಳಿಸುತ್ತಿದ್ದರು.

ನನಗೆ ಆ ಕೆಲಸ ಇಷ್ಟವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಜೊತೆ ಓದುತ್ತಿದ್ದವರು ಒಬ್ಬೊಬ್ಬರಾಗಿ ಶಾಲೆ ಬಿಟ್ಟು ಮದುವೆಯಾಗುತ್ತಿದ್ದರು. ನನಗೋ ಎಸ್ಸೆಸ್ಸೆಲ್ಸಿ ಮುಗಿಸಬೇಕು, ಆಮೇಲೆ ಟೀಚರಾಗಬೇಕು. ಅದಕ್ಕೆ ಮಾವನ ಒಪ್ಪಿಗೆ ಬೇಕು.

ಅಮ್ಮನಿಗೆ ಓದು ಬರಹ ಬಾರದು, ಆದರೆ ಅಣ್ಣನನ್ನು ಚೆನ್ನಾಗಿ ಓದಿದ್ದಳು. ಒಂದು ದಿನ ತೆಂಗಿನಕಾಯಿ ತುರಿಯುತ್ತ ಹೇಳಿದಳು. "ಎಲ್ಲ ಒಮ್ಮೆಗೇ ಕೊಡಬೇಡ ಮಗಾ. ನಾಲ್ಕು ಶಬ್ದ ನಿನ್ನಲ್ಲೇ ಇರಲಿ. ಅವರ ಹೆಸರು ಪೇಪರಿನಲ್ಲಿ ಬಂದ ಮೇಲೆ ನೀನು ಯಾರಿಗೆ ಬೇಕು? ಹೆಸರು ಬಾರದೆ ಇದ್ದರೆ ಶಾಲೆ ಉಂಟು."

ಬೀಜದ ಭತ್ತ ಎತ್ತಿಡುವ ಹಾಗೆ ನಾನು ಪದಗಳನ್ನು ಎತ್ತಿಟ್ಟೆ. ಪ್ರತಿ ವಾರ ಕೆಲವನ್ನು ಬರೆಯದೆ ನುಂಗಿಕೊಂಡೆ. ಮಾವನ ಹೆಸರು ಬರಲಿಲ್ಲ. ಮಳೆಗಾಲವಿಡೀ ಕೊಟ್ಟಾರದ ದಾರಿಯ ಕೆಸರು ತುಳಿದು ನಾನು ಶಾಲೆಗೆ ಹೋದೆ. ಅಮ್ಮ, ನಾನು ಮುಖ ನೋಡಿಕೊಂಡು ನಗುತ್ತಿದ್ದೆವು. ದಡ್ಡರು ನಾವು. ಮಾವ ಸೋಲನ್ನು ಯಾರ ಮೇಲೆ ಹೊರಿಸಬಹುದೆಂದು ಯೋಚಿಸಲೇ ಇಲ್ಲ.

ಚೌತಿ ಕಳೆದ ಮೊದಲ ಶನಿವಾರ ಅವರು ಕೊಡೆಯನ್ನು ಮೂಲೆಗೆ ಎಸೆದರು. "ಎಂತ ಕಲಿಸ್ತಾರೆ ಆ ಶಾಲೆಯಲ್ಲಿ? ವಾರ ವಾರ ಹತ್ತು ಶಬ್ದ ಹೊರಡುವುದಿಲ್ಲ ಇವಳ ಬಾಯಿಂದ! ದಂಡ. ಮುಂದಿನ ತಿಂಗಳಿಂದ ಬೇಡ."

ಜಗಲಿಯಲ್ಲಿ ಅಪ್ಪ ವೀಳ್ಯದ ತೊಟ್ಟು ಮುರಿಯುತ್ತಿದ್ದರು. "ಅಪ್ಪಾ, ನೀವಾದರೂ ಹೇಳಿ" ಎಂದೆ. "ನಿನ್ನ ಮಾವ ಇದ್ದಾರಲ್ಲ ಮಗಾ, ನಾನು ಎಂತ ಹೇಳುವುದು?" ಎಂದರು. ತನ್ನ ತಂಗಿಯ ಮಗಳ ಶಾಲೆ ಬಿಡಿಸುವಾಗ ಆ ಬಾಯಿಗೆ ಮಾತು ಬಂದಿತ್ತು. ನನಗೆ ಅಳುವಲ್ಲ, ಸಿಟ್ಟು ಬಂತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಸ್ಲೇಟು ಎತ್ತಿಕೊಂಡೆ. ಆ ವಾರದ ಅಕ್ಷರಗಳು ಟಿ, ಎಚ್, ಇ, ಆರ್. ಫಾದರ್, ಮದರ್, ಬ್ರದರ್, ಡಾಟರ್ ಎಂದು ಬರೆದೆ. ಮನೆಮಂದಿಯೆಲ್ಲ ಬಂದರು, ಯಜಮಾನರಾದ ಅಂಕಲ್ ಒಬ್ಬರಿಗೇ ಜಾಗವಿರಲಿಲ್ಲ. ವೆದರ್, ಲೆದರ್, ಥ್ರೆಡ್, ಅರ್ಥ್, ಹಾರ್ಟ್. ಒಂದು ಬದಿ ತುಂಬಿತು, ತಿರುಗಿಸಿದೆ. ಆ ಬದಿಯೂ ತುಂಬುತ್ತ ಬಂದು, ಕೊನೆಗೆ ಮರದ ಚೌಕಟ್ಟಿಗೆ ತಾಗಿಸಿ ಟೀಚರ್ ಎಂದು ಬರೆದು ಸ್ಲೇಟನ್ನು ಅವರ ಮುಂದಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಈಗ ಶಾಲೆ ಉಳಿಯಿತು ಎಂದುಕೊಂಡೆ.

ಮಾವ ಬೆರಳಿಟ್ಟು ಒಂದೊಂದೇ ಓದಿದರು. ಮುಖ ಅರಳಿತು. ನನ್ನ ತಲೆ ಸವರಿದರು, ನಿಜವಾದ ಪ್ರೀತಿಯಿಂದಲೇ. ಅಮ್ಮನ ಕಡೆ ತಿರುಗಿ, "ನೋಡು, ನಿನ್ನ ಮಗಳಿಗೆ ಇಷ್ಟೆಲ್ಲ ಬರ್ತದೆ! ಇನ್ನು ಕಲಿಯಲಿಕ್ಕೆ ಎಂತ ಉಂಟು? ಶಾಲೆ ಸಾಕು" ಎಂದರು.

ಅತ್ತ ದರಿ, ಇತ್ತ ಪುಲಿ. ಅಮ್ಮ ತಲೆ ತಗ್ಗಿಸಿ, "ಆಗಬಹುದು ಅಣ್ಣ" ಎಂದಳು.

ಆ ಸೋಮವಾರದಿಂದಲೇ ನಾನು ಶಾಲೆಗೆ ಹೋಗಲಿಲ್ಲ. ಮುಂದಿನ ಶನಿವಾರ ಮಾವ ಹೊಸ ಅಕ್ಷರಗಳನ್ನು ತಂದರು. ನಾನು ಅರೆಯುವ ಕಲ್ಲಿನ ಮುಂದೆ ಕೂತಿದ್ದೆ. "ಕೈ ತೊಳೆದುಕೊಂಡು ಬಾ ಮಗಾ" ಎಂದು ಕರೆದರು. ನಾನು ಏಳುವ ಮೊದಲೇ ಅಮ್ಮ ನನ್ನ ಭುಜದ ಮೇಲೆ ಕೈಯಿಟ್ಟು ಒತ್ತಿದಳು.

"ಅವಳಿಗೆ ಕೆಲಸ ಉಂಟು ಅಣ್ಣ. ಬರುವುದಿಲ್ಲ."

ಅಮ್ಮ ಅಣ್ಣನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅದೂ ಒಂದು ವಾರ ತಡವಾಗಿ.