ದುಬೈಯಿಂದ ಮೂರು ತಾಸು

ಎಂಬತ್ತರ ದಶಕದಲ್ಲಿ ನಾನು ಹಿರೇಕೆರೂರಿನಿಂದ ಮುಂಬಯಿಗೆ ಹತ್ತಿ ಲಾರಿ ಓಡಿಸುತ್ತಿದ್ದೆ. ಒಮ್ಮೆ ಚಿಕ್ಕೇರೂರಿನ ನೀಲಪ್ಪಕಾಕಾ ಜೊತೆಗೆ ಬಂದ. ದುಬೈಯಲ್ಲಿ ಸತ್ತ ಮಗನ ಹೆಣ ವಿಮಾನದಲ್ಲಿ ಬಂದಿತ್ತು. ಕಾಕಾಗೆ ಹಿಂದಿ ಬಾರದು. ವಿಮಾನ ನಿಲ್ದಾಣದ ಕಚೇರಿಯಲ್ಲಿ ನಾನೇ ಮಾತಾಡಬೇಕಾಯಿತು.

“ದುಬೈಯಿಂದ ಇಲ್ಲಿಗೆ ಎಷ್ಟು ಹೊತ್ತು, ಕೇಳಪಾ,” ಅಂದ ಕಾಕಾ.

“ಮೂರು ತಾಸು,” ಎಂದ ಗುಮಾಸ್ತ.

“ಹಂಗಾರ ನನ್ನ ಮಗ ಬರಾಕ ತಿಂಗಳ ಯಾಕ ಹಿಡೀತು?”

ಗುಮಾಸ್ತ ತಲೆ ಎತ್ತಲಿಲ್ಲ. “ಮೂರು ತಾಸು ಜೀವ ಇದ್ದವರಿಗೆ.”

ಅದನ್ನು ಕನ್ನಡದಲ್ಲಿ ಹೇಳಲು ನನ್ನ ನಾಲಿಗೆ ಹೊರಳಲಿಲ್ಲ.

“ಬಿಡು, ತಿಳೀತು,” ಅಂದ ಕಾಕಾ. “ಧಾರವಾಡದ ಬಸ್ಸಿಗಿಂತ ಲಗೂ ಬರ್ತೇನಿ ಅಂತ ಅವ್ರವ್ವನ್ನ ಒಪ್ಪಿಸಿ ಹೋಗಿದ್ದ.”

ನನ್ನ ಲಾರಿಗೆ ಅಂಥ ಕಾನೂನು ಇರಲಿಲ್ಲ. ಹತ್ತಿ ಇಳಿಸಿದ ಜಾಗದಲ್ಲಿ ಪೆಟ್ಟಿಗೆ ಇಟ್ಟು, ಅಪ್ಪ-ಮಗ ಇಬ್ಬರನ್ನೂ ಒಂದೇ ವೇಗದಲ್ಲಿ ಊರಿಗೆ ಮುಟ್ಟಿಸಿದೆ.